ತೋಟದ ತೇವಾಂಶಕ್ಕೆ ಜಿಗ್‌ಬೀಯೋ, ಲೋರಾವೋ?

ಕರೆಂಟ್ ಇಲ್ಲದ ಅಡಿಕೆ ತೋಟಕ್ಕೆ ಲೋರಾವೇ ಸರಿ. ಎರಡೂ ಕಡಿಮೆ ಶಕ್ತಿಯ ರೇಡಿಯೋ ಸಂಪರ್ಕ ವಿಧಾನಗಳು: ಜಿಗ್‌ಬೀಯಲ್ಲಿ ಮಾಹಿತಿ ಒಂದು ಸಾಧನದಿಂದ ಪಕ್ಕದ ಸಾಧನಕ್ಕೆ ದಾಟುತ್ತ ಹೋಗಬಲ್ಲದು, ಲೋರಾದಲ್ಲಿ ದೂರಕ್ಕೆ ನೇರವಾಗಿ ಹೋಗುತ್ತದೆ. ಶಿರಸಿ ಸಮೀಪದ ನಮ್ಮ ತೋಟದಲ್ಲಿ ಮಣ್ಣಿನ ತೇವಾಂಶ ಅಳೆಯಲು ಎರಡನ್ನೂ ಒಂದೊಂದು ಬೇಸಿಗೆ ಬಳಸಿದ ಮೇಲೆ ಹೇಳುತ್ತಿರುವ ಮಾತಿದು.

ಮೊದಲು ಜಿಗ್‌ಬೀ ಕೊಂಡದ್ದಕ್ಕೆ ಕಾರಣವಿತ್ತು. ಒಂದು ಕಿಲೋಬಿಟ್ ಮಾಹಿತಿಯನ್ನು 100 ಮೀಟರ್ ದೂರ ಕಳುಹಿಸುವ ಶಕ್ತಿಯಲ್ಲಿ ಪ್ರೊಸೆಸರ್ ಸುಮಾರು 30 ಲಕ್ಷ ಸೂಚನೆಗಳನ್ನು ನಡೆಸಬಲ್ಲದೆಂದು ಸಂಶೋಧಕರಾದ ಪಾಟಿ ಮತ್ತು ಕೈಸರ್ 2000ದಲ್ಲಿ ಲೆಕ್ಕ ಹಾಕಿದ್ದರು. ಅಂದರೆ ಲೆಕ್ಕ ಮಾಡುವುದು ಅಗ್ಗ, ಕಳುಹಿಸುವುದು ದುಬಾರಿ. ಹಾಗಾದರೆ ಒಂಬತ್ತು ನೋಡ್‌ಗಳು (ತೇವಾಂಶ ಅಳೆದು ರೇಡಿಯೋದಲ್ಲಿ ಕಳುಹಿಸುವ ಪುಟ್ಟ ಸಾಧನಗಳು) ಲೆಕ್ಕವನ್ನು ದಾರಿಯಲ್ಲೇ ಹಂಚಿಕೊಂಡು ಸರಾಸರಿಯನ್ನಷ್ಟೇ ಮನೆಗೆ ಮುಟ್ಟಿಸಿದರೆ ಬ್ಯಾಟರಿ ಉಳಿಯಬೇಕು ಎಂದುಕೊಂಡೆ.

ಉಳಿಯಲಿಲ್ಲ. ಬೇರೆ ನೋಡ್‌ಗಳ ಮಾಹಿತಿಯನ್ನು ದಾಟಿಸುವ ರೂಟರ್ ನೋಡ್ ಯಾವ ಗಳಿಗೆಯಲ್ಲಿ ಯಾರು ಕರೆಯುತ್ತಾರೋ ಎಂದು ಸದಾ ಎಚ್ಚರವಿರಬೇಕು. ನನ್ನಲ್ಲಿದ್ದ ಸಿಸಿ2530 ಚಿಪ್‌ಗೆ ಸುಮ್ಮನೆ ಕೇಳಿಸಿಕೊಳ್ಳುವುದಕ್ಕೇ ಸುಮಾರು 24 ಮಿಲಿಆಂಪ್ ಬೇಕು; 2600 ಎಂಎಎಚ್ ಬ್ಯಾಟರಿ ಐದನೆಯ ದಿನಕ್ಕೆ ಬರಿದು. ಕಳುಹಿಸುವ ಮಾಹಿತಿಯನ್ನು ಹತ್ತನೇ ಒಂದು ಪಾಲಿಗೆ ಇಳಿಸಿದರೂ ಅರ್ಧ ದಿನ ಹೆಚ್ಚು ಸಿಗಲಿಲ್ಲ, ಏಕೆಂದರೆ ಖರ್ಚಾಗುತ್ತಿದ್ದುದು ಕಳುಹಿಸುವುದರಲ್ಲಲ್ಲ, ಕಾಯುವುದರಲ್ಲಿ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಮುಂಜಾನೆ ಕಾದಿಗೆ (ತೋಟದ ಕಾಲುವೆ) ದಾಟಿ ಹೋಗಿ ರೂಟರ್ ಪೆಟ್ಟಿಗೆ ತೆರೆದರೆ ಬ್ಯಾಟರಿ 2.8 ವೋಲ್ಟ್‌ಗೆ ಇಳಿದಿತ್ತು. ಅದರಾಚೆಗಿದ್ದ, ನಿದ್ರಿಸುತ್ತಿರಬೇಕಾದ ನೋಡ್‌ಗಳೂ ಕಳೆದುಹೋದ ರೂಟರನ್ನು ರಾತ್ರಿಯಿಡೀ ಹುಡುಕಿ ಸೊರಗಿದ್ದವು. ಸೋಲಾರ್ ಹಾಕೋಣವೆಂದರೆ ಸೋಗೆಯ ನೆರಳಿನಲ್ಲಿ ಬಿಸಿಲೇ ಬೀಳುವುದಿಲ್ಲ.

ಲೋರಾದಲ್ಲಿ, ನಾನು ಜೋಡಿಸಿಕೊಂಡಿರುವ ರೀತಿಯಲ್ಲಿ, ದಾಟಿಸುವ ಹೊಣೆ ಯಾರಿಗೂ ಇಲ್ಲ. ಪ್ರತಿ ನೋಡ್ ಎದ್ದು, ಅಳೆದು, ಹಿಂದಿನ ಅಂಕಿಗೆ ಹೋಲಿಸಿ, ಶೇ. 3ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಾತ್ರ 12 ಬೈಟ್‌ಗಳನ್ನು 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನೇರ ಮನೆಗೆ ಕಳುಹಿಸಿ ಮಲಗುತ್ತದೆ. ಇಡೀ ರವಾನೆ ಸುಮಾರು 0.3 ಸೆಕೆಂಡಿನದು. ಒದ್ದೆ ಎಲೆಗಳ ನಡುವೆಯೂ ಸಂಕೇತ ಜಿಗ್‌ಬೀಗಿಂತ ಚೆನ್ನಾಗಿ ಬರುತ್ತದೆ.

ಕೆಟ್ಟ ಸೆನ್ಸರನ್ನು ನೆರೆಯ ನೋಡ್‌ಗಳು ತಮ್ಮತಮ್ಮಲ್ಲೇ ಪತ್ತೆ ಹಚ್ಚುವ ಸೌಲಭ್ಯ ಮಾತ್ರ ಕೈತಪ್ಪಿದೆ. ಆ ಹೋಲಿಕೆಯನ್ನು ಈಗ ಮನೆಯ ಕಂಪ್ಯೂಟರ್ ಮಾಡುತ್ತದೆ. ಮಾಡ್ಯೂಲ್‌ಗೆ ಸ್ವಲ್ಪ ಹೆಚ್ಚು ಹಣ ಬಿತ್ತು. ನಾಲ್ಕೈದು ದಿನಕ್ಕೊಮ್ಮೆ ಬ್ಯಾಟರಿ ಹೊತ್ತು ತಿರುಗಲು ಪುರುಸೊತ್ತಿಲ್ಲದ ನನಗೆ ಅದು ದುಬಾರಿಯೆನಿಸಲಿಲ್ಲ. ಡಿಸೆಂಬರಿನಲ್ಲಿ ಹಾಕಿದ ಬ್ಯಾಟರಿಗಳು ಏಪ್ರಿಲ್ ಕೊನೆಗೂ 3.8 ವೋಲ್ಟ್ ತೋರಿಸುತ್ತಿವೆ. ಜಿಗ್‌ಬೀ ನೋಡ್‌ಗಳನ್ನು ಕರೆಂಟ್ ಇರುವ ಪಂಪ್‌ಶೆಡ್ಡಿಗೆ ಒಯ್ದಿದ್ದೇನೆ. ತಕ್ಷಣ ತೆರೆದು ಮುಚ್ಚಬೇಕಾದ ವಾಲ್ವ್‌ಗಳನ್ನು ಅಲ್ಲಿ ಅವೇ ನಡೆಸುತ್ತಿವೆ.