ಎಂಎಸ್ ಇರುವವರ ಆನ್‌ಲೈನ್ ಬುದ್ಧಿ ಪರೀಕ್ಷೆ: ಮೂರು ವರ್ಷ ಬಳಸಿದ ಮೇಲೆ

ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್). ಅದರಲ್ಲಿ ಕಾಲಿಗಿಂತ ಮೊದಲು ನನಗೆ ಕೈಕೊಟ್ಟದ್ದು ತಲೆಯ ಚುರುಕು. ಮುಂಬಯಿ ಬಳಿಯ ಡೊಂಬಿವಲಿ ನಿಲ್ದಾಣದಲ್ಲಿ ಲೋಕಲ್ ಬೇರೆ ಪ್ಲಾಟ್‌ಫಾರ್ಮ್‌ಗೆ ಬರುತ್ತದೆಂಬ ಘೋಷಣೆ ಕಿವಿಗೆ ಬೀಳುತ್ತಿತ್ತು, ಅದು ಅರ್ಥವಾಗುವಷ್ಟರಲ್ಲಿ ಗಾಡಿ ಹೊರಟಿರುತ್ತಿತ್ತು. ಆಸ್ಪತ್ರೆಯಲ್ಲಿ ನಡೆಸಿ ನೋಡಿ, ಮೊಣಕಾಲು ತಟ್ಟಿ, ಎಲ್ಲ ಸರಿಯಿದೆ ಎಂದು ಕಳುಹಿಸುತ್ತಿದ್ದರು. ಈ ಕಾಯಿಲೆಯವರಲ್ಲಿ ಶೇಕಡಾ 40ರಿಂದ 65 ಮಂದಿಗೆ ಯೋಚನೆ, ನೆನಪಿನ ತೊಂದರೆ ಇರುತ್ತದೆಂದು ಹೇಳಿದವರು ಎರಡನೆಯ ನ್ಯೂರಾಲಜಿಸ್ಟ್. ಚಂದಾ ಕಟ್ಟಿ, ವೆಬ್‌ಸೈಟ್‌ನಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಈ ಪರೀಕ್ಷೆಯನ್ನು ತಿಳಿಸಿದವರೂ ಅವರೇ.

ಇದರ ತಿರುಳು ಚಿಹ್ನೆ-ಅಂಕಿ ಪರೀಕ್ಷೆ. ಒಂಬತ್ತು ಚಿಹ್ನೆಗಳಿಗೆ ಒಂದೊಂದು ಅಂಕಿ, ಪರದೆಯ ಮೇಲ್ಭಾಗದಲ್ಲಿ ಅವುಗಳ ಜೋಡಿ ಪಟ್ಟಿ. ಕೆಳಗೆ ಬರುವ ಚಿಹ್ನೆಗೆ ತಕ್ಕ ಅಂಕಿಯನ್ನು 90 ಸೆಕೆಂಡುಗಳಲ್ಲಿ ಎಷ್ಟು ಸಾಧ್ಯವೋ ಅಷ್ಟು ಒತ್ತಬೇಕು. ಇಲ್ಲಿ ಜಾಣತನಕ್ಕೆ ಬೆಲೆಯಿಲ್ಲ, ವೇಗಕ್ಕೆ ಇದೆ. ಎಂಎಸ್ ಮೊದಲು ಕಸಿಯುವುದು ಸಾಮಾನ್ಯವಾಗಿ ಅದನ್ನೇ.

ಮೊದಲ ಮೂರು ತಿಂಗಳು ನನ್ನ ಅಂಕ 41, 44, 47 ಎಂದು ಏರಿತು. ನಾನು ಹಿಗ್ಗಿದೆ. ಅದು ಗುಣವಲ್ಲ, ಕೈ ಪಳಗಿದ್ದು ಎಂದು ಡಾಕ್ಟರ್ ಮೆಲ್ಲಗೆ ತಿಳಿಸಿದರು. ಹಾಗಾಗಿ ಹೊಸಬರಿಗೆ ಹೇಳುತ್ತೇನೆ, ಮೊದಲ ಕೆಲವು ಅಂಕಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಇರಲಿಲ್ಲ. ಬೆವರುತ್ತಲೇ ಕುಳಿತೆ, 38 ಬಂತು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮೈ ಬಿಸಿಯಾದರೆ ಮೈಲಿನ್ ಎಂಬ ಆ ಹೊದಿಕೆಯನ್ನು ಕಳೆದುಕೊಂಡ ನರಗಳಲ್ಲಿ ಸಂದೇಶ ಇನ್ನಷ್ಟು ತಡವರಿಸುತ್ತದೆ, ತಂಪಾದರೆ ಮರಳುತ್ತದೆ. 1890ರಲ್ಲಿ ಇದನ್ನು ಬರೆದಿಟ್ಟ ವಿಲ್ಹೆಲ್ಮ್ ಊಟ್‌ಹೋಫ್ ಅವರ ಹೆಸರಿನಲ್ಲೇ ಈ ಲಕ್ಷಣವನ್ನು ಕರೆಯುತ್ತಾರೆ. ವೆಬ್‌ಸೈಟ್ ಮಾತ್ರ ಕೋಣೆಯ ಸೆಕೆಯನ್ನಾಗಲಿ, ಜ್ವರವನ್ನಾಗಲಿ ಕೇಳದೆ ಕೆಂಪು ಬಾಣ ತೋರಿಸಿ ಸುಮ್ಮನಾಯಿತು. ಒಂಟಿಯಾಗಿ ಕುಳಿತ ರೋಗಿಗೆ ಅದು ಕ್ರೂರ. ಅಂದಿನಿಂದ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ, ಅದೇ ಲ್ಯಾಪ್‌ಟಾಪ್‌ನಲ್ಲಿ, ಬಾಗಿಲು ಹಾಕಿಕೊಂಡು ಬರೆಯುತ್ತೇನೆ. ಒಮ್ಮೆ ಮೊಬೈಲ್‌ನಲ್ಲಿ ಮಾಡಿದಾಗ ಬಂದ ಅಂಕವನ್ನು ಇವುಗಳ ಜೊತೆ ಹೋಲಿಸುವಂತೆಯೇ ಇರಲಿಲ್ಲ.

ಕಳೆದ ವರ್ಷ ಇಷ್ಟೆಲ್ಲ ಕಾಪಾಡಿಕೊಂಡರೂ ಮೂರು ತಿಂಗಳು ಸತತವಾಗಿ 47ರಿಂದ 41ಕ್ಕೆ ಇಳಿಯಿತು. ಆಸ್ಪತ್ರೆಯ ಪರೀಕ್ಷೆಯಲ್ಲಿ ನಾಲ್ಕು ಅಂಕದ ಬದಲಾವಣೆಯನ್ನೇ ಗಂಭೀರವಾಗಿ ನೋಡುತ್ತಾರೆ. ಮುದ್ರಿಸಿಕೊಂಡು ಹೋದೆ. ಡಾಕ್ಟರ್ ನಿದ್ದೆ, ಮನಸ್ಸಿನ ಕುಗ್ಗು, ಮೂತ್ರದ ಸೋಂಕು ಎಲ್ಲವನ್ನೂ ವಿಚಾರಿಸಿ, ಎದುರೇ ಕೂರಿಸಿ ಮತ್ತೆ ಪರೀಕ್ಷಿಸಿ, ಎಂಆರ್‌ಐ ಮಾಡಿಸಿದರು. ಮೆದುಳಿನಲ್ಲಿ ಎರಡು ಹೊಸ ಕಲೆಗಳಿದ್ದವು. ಔಷಧ ಬದಲಾಯಿತು. ನನ್ನ ನಡಿಗೆಯಲ್ಲಿ ಆಗಲೂ ಏನೂ ಕಾಣುತ್ತಿರಲಿಲ್ಲ. ಚಂದಾ ಹಣ ಅಂದೇ ತೀರಿತು ಎಂದುಕೊಂಡೆ.

ಇದೇ ವೆಬ್‌ಸೈಟ್‌ನಲ್ಲಿರುವ ಪದಪಟ್ಟಿಯ ಪರೀಕ್ಷೆಯ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಕೇಳಿದ ಪದಗಳನ್ನು ನೆನಪಿಟ್ಟು ಬರೆಯಬೇಕು, ಎಲ್ಲವೂ ಇಂಗ್ಲಿಷ್. ನಾನು ಕುಂದಾಪುರದ ಕನ್ನಡ ಶಾಲೆಯಲ್ಲಿ ಕಲಿತವಳು. ಮಾಟುಂಗದ ಕರ್ನಾಟಕ ಸಂಘದಲ್ಲಿ ಪರಿಚಯವಾದ, ಇದೇ ಕಾಯಿಲೆಯ ಹಿರಿಯರೊಬ್ಬರಿಗೆ ಇದನ್ನು ತೋರಿಸಿದೆ. ಚಿಹ್ನೆಗಳನ್ನು ನಿಧಾನವಾಗಿಯಾದರೂ ಮುಗಿಸಿದರು, ಪದಗಳ ಮುಂದೆ ಕೈಚೆಲ್ಲಿದರು. ಅಲ್ಲಿ ಅಳೆದದ್ದು ಅವರ ನೆನಪನ್ನೋ, ಇಂಗ್ಲಿಷನ್ನೋ? ಪದಗಳನ್ನು ಅನುವಾದಿಸಿದರೂ ಸಾಲದು. ಉದ್ದ, ಬಳಕೆ ಸಮನಾದ ಕನ್ನಡ ಪದಗಳನ್ನು ಆರಿಸಬೇಕು, ಕಾಯಿಲೆಯಿಲ್ಲದ ಕನ್ನಡಿಗರಿಂದ ವಯಸ್ಸು, ಓದಿಗೆ ತಕ್ಕ ಅಂಕಗಳನ್ನು ಕಲೆಹಾಕಬೇಕು. ಕಂಪನಿಗೆ ಎರಡು ಬಾರಿ ಬರೆದಿದ್ದೇನೆ. ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತೇನೆ.