ಓಲ್ಡ್ ಸ್ಕೂಲ್ ರೂನ್‌ಸ್ಕೇಪ್: 0.6 ಸೆಕೆಂಡಿಗೊಮ್ಮೆ ಉಸಿರಾಡುವ ಲೋಕ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ, ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಆಟ 2018ರ ಅಕ್ಟೋಬರಿನಲ್ಲಿ ಮೊಬೈಲಿಗೆ ಬಂದ ಮೇಲೆ ಆಡಲು ಆರಂಭಿಸಿದ ನಾನು, ಆನಂತರ ಹಲವು ಆಟಗಳನ್ನು ಹಾಕಿಕೊಂಡು ತೆಗೆದಿದ್ದೇನೆ; ಫೋನಿನಲ್ಲಿ ಇಂದಿಗೂ ಉಳಿದಿರುವುದು ಇದೊಂದೇ. ಚಿತ್ರಗಳು ಹಳೆಯ ಕಾಲದವು ಎಂಬುದು ಒಂದು ಸ್ಕ್ರೀನ್‌ಶಾಟ್ ನೋಡಿದವರಿಗೂ ಗೊತ್ತಿರುವುದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ನನ್ನನ್ನು ಇಲ್ಲಿ ಹಿಡಿದಿಟ್ಟಿರುವುದು ಈ ಲೋಕದ ಗಡಿಯಾರ.

ಸರ್ವರ್ ಇಲ್ಲಿ 0.6 ಸೆಕೆಂಡಿಗೊಮ್ಮೆ ಮಾತ್ರ ಮುಂದಕ್ಕೆ ಸರಿಯುತ್ತದೆ. ಅದಕ್ಕೆ ಆಟಗಾರರು ಟಿಕ್ ಎನ್ನುತ್ತಾರೆ. ನಡೆದರೆ ಟಿಕ್ಕಿಗೆ ಒಂದು ಚೌಕ, ಓಡಿದರೆ ಎರಡು. ಮೀನು ಸಿಕ್ಕಿತೋ ಇಲ್ಲವೋ ಎಂಬುದು ಐದು ಟಿಕ್ಕಿಗೊಮ್ಮೆ, ಅಂದರೆ ಮೂರು ಸೆಕೆಂಡಿಗೊಮ್ಮೆ ನಿರ್ಧಾರವಾಗುತ್ತದೆ. ದಾವಣಗೆರೆಯ ನನ್ನ ಮನೆಯಿಂದ ಹೊರಟ ಸಂಕೇತ ಬ್ರಿಟನ್ನಿನ ಸರ್ವರನ್ನು ಮುಟ್ಟಿ ಹಿಂದಿರುಗಲು ಸುಮಾರು 150ರಿಂದ 200 ಮಿಲಿಸೆಕೆಂಡ್ ಹಿಡಿಯುತ್ತದೆ. ಬೇರೆ ಆಟಗಳಲ್ಲಿ ಇಷ್ಟು ವಿಳಂಬವಾದರೆ ಎದುರಾಳಿಯ ಏಟು ಕಾಣುವ ಮೊದಲೇ ನಾನು ಸತ್ತಿರುತ್ತೇನೆ; ಇಲ್ಲಿ ಲಂಡನ್ನಿನಲ್ಲಿ ಕುಳಿತವನ ಬೆರಳೂ ನನ್ನ ಬೆರಳೂ ಬಹುಪಾಲು ಅದೇ ಟಿಕ್ಕಿಗೆ ಕಾಯುತ್ತವೆ. ನಿಧಾನವಾದ ಇಂಟರ್ನೆಟ್ಟಿನ ಕಾಲದಲ್ಲಿ ಹುಟ್ಟಿದ ಈ ಲಯವು ದೂರದ ಊರಿನವರಿಗೆ ಸಿಕ್ಕ ನ್ಯಾಯ ಎಂದು ನಾನು ಭಾವಿಸುತ್ತೇನೆ. ಈ ಲಯವನ್ನೇ ಮುರಿದು ಮೂರು ಟಿಕ್ಕಿನಲ್ಲಿ ಮೀನು ಹಿಡಿಯುವ ನಿಪುಣರೂ ಇದ್ದಾರೆ; ಅವರ ಹೆಬ್ಬೆರಳಿಗೆ ನನ್ನ ನಮಸ್ಕಾರ, ಅಷ್ಟು ಶ್ರಮ ನನ್ನಿಂದಾಗದು.

ನನ್ನ ಸಂಜೆಯ ಕೆಲಸ ಹೆಚ್ಚಾಗಿ ಕರಾಮ್ಜಾ ದ್ವೀಪದಲ್ಲಿ. ಪೋರ್ಟ್ ಸರಿಂ ಬಂದರಿನಲ್ಲಿ 30 ನಾಣ್ಯ ಕೊಟ್ಟು ಹಡಗು ಹತ್ತಿ, ದ್ವೀಪದ ಕಟ್ಟೆಯ ತುದಿಯಲ್ಲಿ ನಿಂತು ಬೋನು ಇಳಿಸುತ್ತೇನೆ. ಚೀಲದಲ್ಲಿ 28 ಜಾಗಗಳಿವೆ. ಬೋನಿಗೊಂದು, ನಾಣ್ಯಕ್ಕೊಂದು ಹೋದರೆ 26 ಲಾಬ್‌ಸ್ಟರ್. ಅಷ್ಟು ತುಂಬುವ ಹೊತ್ತಿಗೆ ಅನ್ನಕ್ಕಿಟ್ಟ ಕುಕ್ಕರ್ ಕೂಗಿ ಮುಗಿದಿರುತ್ತದೆ. ಆಮೇಲೆ ಮತ್ತೆ 30 ನಾಣ್ಯ, ಮತ್ತೆ ಹಡಗು. ಆಚೆ ದಡದ ಠೇವಣಿ ಪೆಟ್ಟಿಗೆಗೆ ಮೀನು ಸುರಿದು ಹಿಂದಿರುಗುವುದು.

ಮರಳುವ ದಾರಿಯಲ್ಲಿ ಒಬ್ಬ ಸುಂಕದ ಅಧಿಕಾರಿ ನಿಂತಿರುತ್ತಾನೆ. ಕರಾಮ್ಜಾದ ರಮ್ ಮದ್ಯವನ್ನು ಯಾರೂ ಹೊರಗೆ ಸಾಗಿಸಬಾರದೆಂಬುದು ಅವನ ಕಾನೂನು, ಮತ್ತು ಆ ಕಾನೂನಿಗೆ ಯಾರಿಗೂ ವಿನಾಯಿತಿಯಿಲ್ಲ. ಆಟದ ಸಾಹಸಗಳಲ್ಲೊಂದಾದ ಕಡಲುಗಳ್ಳನ ನಿಧಿಯ ಕಥೆಯಲ್ಲಿ ಅದೇ ರಮ್ಮನ್ನು ಪೋರ್ಟ್ ಸರಿಂಗೆ ತರಬೇಕಾಗುತ್ತದೆ. ಕತ್ತಿಯಿಂದ ಅದು ಸಾಧ್ಯವಾಗುವುದಿಲ್ಲ: ಬಾಳೆತೋಟದಲ್ಲಿ ಕೂಲಿಗೆ ಸೇರಿ, ಪೆಟ್ಟಿಗೆಯಲ್ಲಿ ಬಾಟಲಿ ಬಚ್ಚಿಟ್ಟು ಮೇಲೆ ಹತ್ತು ಬಾಳೆಹಣ್ಣು ಮುಚ್ಚಿ ಕಳಿಸಿ, ಆ ಪೆಟ್ಟಿಗೆ ತಲುಪುವ ಅಂಗಡಿಯಲ್ಲಿ ಬಿಳಿ ಏಪ್ರನ್ ಕಟ್ಟಿಕೊಂಡು ಮತ್ತೊಂದು ಕೆಲಸ ಹಿಡಿಯಬೇಕು. ಆನ್‌ಲೈನ್ ಲೋಕವನ್ನು ಕಟ್ಟುವುದೆಂದರೆ ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಈ ಬಾಳೆಹಣ್ಣಿನ ಪೆಟ್ಟಿಗೆಯನ್ನೇ ತೋರಿಸುತ್ತೇನೆ. ಮೊದಲು ಊರು, ಊರಿಗೊಂದು ಕಾನೂನು, ಆ ಕಾನೂನಿನ ಸಂದಿಯಿಂದ ಕಥೆ. ನಾಯಕನ ಅನುಕೂಲಕ್ಕಾಗಿ ಊರನ್ನು ಇಲ್ಲಿ ಬಗ್ಗಿಸಿಲ್ಲ.

ಊರನ್ನು ಬಗ್ಗಿಸಲು ಹೋದ ಇತಿಹಾಸವೂ ಇದಕ್ಕಿದೆ. ಕೇಂಬ್ರಿಡ್ಜಿನ ಜಾಗೆಕ್ಸ್ ಸಂಸ್ಥೆಯ, 2001ರಲ್ಲಿ ಆರಂಭವಾದ ಮೂಲ ರೂನ್‌ಸ್ಕೇಪ್‌ನಲ್ಲಿ, ನಿಜವಾದ ಹಣಕ್ಕೆ ಆಟದ ಚಿನ್ನ ಮಾರುವವರನ್ನು ತಡೆಯಲು 2008ರ ಜನವರಿಯಲ್ಲಿ ಮುಕ್ತ ವಿನಿಮಯವನ್ನೇ ಕಟ್ಟಿಹಾಕಲಾಯಿತು. 2012ರಲ್ಲಿ ಹೋರಾಟದ ಪದ್ಧತಿಯೂ ಬದಲಾಯಿತು. ಹಳಬರ ಅಸಮಾಧಾನ ಹೆಚ್ಚಿದಾಗ, 2007ರ ಆಗಸ್ಟಿನ ಪ್ರತಿಯೊಂದನ್ನು ಹೊರತೆಗೆದು 2013ರ ಫೆಬ್ರವರಿಯಲ್ಲಿ ಈ ಓಲ್ಡ್ ಸ್ಕೂಲ್ ಆವೃತ್ತಿಯನ್ನು ತೆರೆದರು. ಅಂದಿನಿಂದ ದೊಡ್ಡ ಸೇರ್ಪಡೆಗಳು ಆಟಗಾರರ ಮತಕ್ಕೆ ಹೋಗುತ್ತವೆ. ಮೊದಲು ಶೇ. 75 ಬೇಕಿತ್ತು, 2022ರಲ್ಲಿ ಅದು ಶೇ. 70ಕ್ಕೆ ಇಳಿಯಿತು. ವಾರ್ಡಿಂಗ್ ಎಂಬ ಹೊಸ ಕೌಶಲ 2019ರಲ್ಲಿ ಮತದಲ್ಲಿ ಸೋತಿತು. ನೌಕಾಯಾನ ಗೆದ್ದು 2025ರಲ್ಲಿ ಬಂದಿತು. ಮತ ಹಾಕುವವರು ಈಗಾಗಲೇ ಒಳಗಿರುವವರಾದ್ದರಿಂದ ಹೊಸಬರ ಕಷ್ಟ ಕೇಳುವವರು ಕಡಿಮೆ ಎಂಬ ಅನುಮಾನ ನನಗಿದೆ.

ಆ ಕಷ್ಟ ಸಣ್ಣದಲ್ಲ. ಒಂದು ಕೌಶಲದಲ್ಲಿ 99ನೇ ಹಂತ ಮುಟ್ಟಲು 1,30,34,431 ಅಂಕ ಬೇಕು, ಮತ್ತು 92ನೇ ಹಂತಕ್ಕೆ ಬಂದಾಗ ಮುಗಿದಿರುವುದು ಕೇವಲ ಅರ್ಧ ದಾರಿ. ಒಂದು ಲಾಬ್‌ಸ್ಟರಿಗೆ 90 ಅಂಕ. ಲಾಬ್‌ಸ್ಟರನ್ನೇ ನೆಚ್ಚಿಕೊಂಡವನು ಆ ಕೊನೆಯ ಏಳು ಹಂತಗಳಿಗೆ ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಬಾರಿ ಬೋನು ಎತ್ತಬೇಕು. ನಿಧಾನಕ್ಕೂ ಸತಾಯಿಸುವುದಕ್ಕೂ ವ್ಯತ್ಯಾಸವಿದೆ. ಈ ಲೆಕ್ಕ ಅದನ್ನು ಮರೆತಿದೆ. ಇದರ ಮೇಲೆ 2015ರಲ್ಲಿ ಬಂದ ಗ್ರ್ಯಾಂಡ್ ಎಕ್ಸ್‌ಚೇಂಜ್ ಮಾರುಕಟ್ಟೆಯಲ್ಲಿ ಯಾರು ಬೇಕಾದರೂ ಬಹುತೇಕ ಎಲ್ಲವನ್ನೂ ಅನಾಮಿಕರಿಂದ ಕೊಳ್ಳಬಹುದು. ನಿಜವಾದ ಹಣ ಕೊಟ್ಟು ಕೊಂಡ ಬಾಂಡನ್ನು, ಅಂದರೆ ಸದಸ್ಯತ್ವಕ್ಕೆ ಬದಲಾಯಿಸಿಕೊಳ್ಳಬಹುದಾದ ಚೀಟಿಯನ್ನು, ಅಲ್ಲಿ ಚಿನ್ನಕ್ಕೆ ಮಾರಲೂಬಹುದು. ಬಾಂಡ್ ಚಿನ್ನದ ಕಳ್ಳಸಂತೆಗೆ ಪರ್ಯಾಯವೆಂಬುದನ್ನು ಒಪ್ಪುತ್ತೇನೆ. ಆದರೆ ಅದರಿಂದ ನನ್ನ ಒಂದು ಸಂಜೆಯ ಮೀನಿಗೆ ರೂಪಾಯಿಯ ಬೆಲೆ ಅಂಟಿಕೊಂಡಿತು, ಮತ್ತು ಆ ಬೆಲೆ ನೋಡಿದರೆ ನಗು ಬರುತ್ತದೆ.

ಆದ್ದರಿಂದಲೇ ನಾನು ಐರನ್‌ಮ್ಯಾನ್ ಖಾತೆಗೆ ಬದಲಾದೆ. ಈ ಬಗೆಯ ಖಾತೆಯವರು ಬೇರೆ ಆಟಗಾರರೊಂದಿಗೆ ವ್ಯಾಪಾರ ಮಾಡುವಂತಿಲ್ಲ. ತಿನ್ನುವ ಮೀನನ್ನು ತಾವೇ ಹಿಡಿದು ತಾವೇ ಬೇಯಿಸಬೇಕು. ಮಾರುಕಟ್ಟೆ ಕಿತ್ತುಕೊಂಡಿದ್ದ ಅರ್ಥ ಲಾಬ್‌ಸ್ಟರಿಗೆ ಮರಳಿ ಬಂತು, 12 ಅಂಕದ ಜೀವ ತುಂಬುವ ಆಹಾರವಾಗಿ. ಸುಟ್ಟು ಕರಿಯಾದ ಪ್ರತಿಯೊಂದಕ್ಕೂ ಈಗ ಹೊಟ್ಟೆ ಉರಿಯುತ್ತದೆ.

ಸದಸ್ಯತ್ವದ ವಿಷಯದಲ್ಲಿ ನನ್ನ ಪದ್ಧತಿ ಹೀಗಿದೆ: ದೀಪಾವಳಿಯ ರಜೆಯಂಥ ಬಿಡುವಿದ್ದ ತಿಂಗಳು ಮಾತ್ರ ಶುಲ್ಕ ಕಟ್ಟುತ್ತೇನೆ, ಉಳಿದಂತೆ ಉಚಿತ ಲೋಕಗಳಲ್ಲೇ ಇರುತ್ತೇನೆ. ಕರಾಮ್ಜಾದ ಕಟ್ಟೆ, ಸುಂಕದ ಅಧಿಕಾರಿ, ಬಾಳೆತೋಟ ಎಲ್ಲವೂ ಉಚಿತ ಭಾಗದಲ್ಲೇ ಇವೆ. ಹೊಸಬರು ಹಣ ಕಟ್ಟುವ ಮೊದಲು ಆ ರಮ್ಮಿನ ಕಥೆಯನ್ನು ಮುಗಿಸಲಿ. ಬಾಳೆಹಣ್ಣು ಕೀಳುವಾಗಲೇ ಬೇಸರವಾದರೆ ಸದಸ್ಯರ ಭಾಗ ಅವರಿಗೆ ಇನ್ನಷ್ಟು ಬೇಸರವನ್ನೇ ಮಾರುತ್ತದೆ.