ಸೂಪರ್ ಮಾರ್ಕೆಟ್ ಹಿಂದ ಸೊಸೈಟಿ ಬಿಲ್ಡಿಂಗಿನ ಒಂದೇ ಖೋಲಿ ಮನಿ: ಏಳು ವರ್ಷ ಇದ್ದವನ ಅನುಭವ

ಮೊದ್ಲೇ ಹೇಳಿಬಿಡ್ತೀನ್ರಿ, ಈ ಮನಿ ನಾನೇ ಮಾರ್ಲತ್ತೀನಿ. ಹಂಗಂತ ಬರೀ ಹೊಗಳ್ತಾನ ಅಂತ ತಿಳ್ಕೋಬ್ಯಾಡ್ರಿ, ನೋಡ್ಲಾಕ ಬಂದೋರೆಲ್ಲಾ ಅದೇ ನಾಕು ಪ್ರಶ್ನಿ ಕೇಳ್ತಾರ, ಹೇಳಿ ಹೇಳಿ ಬಾಯಿ ಸೋತದ, ಅದಕ್ಕ ಒಮ್ಮೆಗೇ ಬರದು ಇಡ್ಲತ್ತೀನಿ.

2018ರ ಜೂನ್‌ನಾಗ ತಗೊಂಡಿದ್ದು, ಎಂಟೂವರೆ ಲಕ್ಷಕ್ಕ. ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಓಣಿ, ಮೂರನೇ ಅಂತಸ್ತು, ಅದರ ಮ್ಯಾಲ ಮಾಳಗಿ, ಲಿಫ್ಟ್ ಇಲ್ಲ. ಒಂದೇ ಖೋಲಿ, ಮೂಲ್ಯಾಗ ಅಡಗಿ ಕಟ್ಟಿ, ಬಚ್ಚಲ-ಸಂಡಾಸ ಕೂಡೇ, ಹೊರಗ ಒಬ್ರು ನಿಂತು ಚಾ ಕುಡಿಯೋವಷ್ಟು ಗ್ಯಾಲರಿ, ಎಲ್ಲಾ ಸೇರಿ 290 ಚದರ ಅಡಿ. ನೆಲಕ್ಕ ಶಹಾಬಾದ್ ಫರಸಿ, ಟೈಲ್ಸ್ ಹಾಕ್ಸು ಅಂತ ಎಷ್ಟು ಮಂದಿ ಹೇಳಿದ್ರೂ ನಾ ಹಾಕ್ಸಿಲ್ಲ, ಬ್ಯಾಸಗಿ ರಾತ್ರಿ ನೀರು ಚಿಮುಕಿಸಿ ಅದರ ಮ್ಯಾಲೇ ಅಡ್ಡ ಆದ್ರ ಹಾಸಗಿ ಬ್ಯಾಡ.

ಈಗ ಮುಖ್ಯ ಮಾತು. ಇದು ಬಿಲ್ಡರ್ ಕಡಿಂದ ತಗೋಳೋ ಫ್ಲ್ಯಾಟ್ ಅಲ್ರಿ, ಸಹಕಾರಿ ಸೊಸೈಟಿದು. ಜಾಗಾ, ಬಿಲ್ಡಿಂಗ್ ಎರಡೂ ಸೊಸೈಟಿ ಹೆಸರಿಗಿ ಅವ, ನಾನು ಸದಸ್ಯ ಅಷ್ಟೇ, ಕೈಯಾಗಿರೋದು ಶೇರ್ ಸರ್ಟಿಫಿಕೇಟ್ ಮತ್ತ ಅಲಾಟ್‌ಮೆಂಟ್ ಪತ್ರ. ಬ್ಯಾಂಕಿಗಿ ಸಾಲಕ್ಕ ಹೋದಾಗ ನಿಮ್ಮ ಹೆಸರಿನ ಸೇಲ್ ಡೀಡ್ ಎಲ್ಲಿ ಅಂದ್ರು, ಇಲ್ಲ ಅಂದೆ, ಫೈಲ್ ವಾಪಸ್ ನನ್ನ ಕಡೀಗೇ ಸರಿಸಿದ್ರು. ಆಮ್ಯಾಲ ಆಫೀಸಿನ ಪತ್ತಿನ ಸಂಘದಾಗ ತಗೊಂಡು ಐದು ವರ್ಷ ಪಗಾರದಾಗ ಮುರಿಸಿ ಮುಟ್ಟಿಸೀನಿ. ರೊಕ್ಕ ಕೈಯಾಗ ಇಟ್ಕೊಂಡು ಬರೋರಿಗೆ ಇದು ತ್ರಾಸಿಲ್ಲ, ಸಾಲ ನಂಬಿ ಬರೋರು ಮೊದ್ಲು ಬ್ಯಾಂಕಿನಾಗ ಕೇಳಿ ಬರ್ರಿ.

ಸೊಸೈಟಿ ಅಂದ್ರ ಒಬ್ಬ ಸದಸ್ಯಗ ಒಂದೇ ಓಟು, ಕೆಳಗ ಎರಡು ಮನಿ ಇರೋ ಶೇಟ್‌ಗೂ ಒಂದೇ, 290 ಅಡಿಯ ನನಗೂ ಒಂದೇ. ಕೇಳ್ಲಾಕ ಛಂದ ಅದ. ಆದ್ರ ನನ್ನ ಛತ್ತು ಸೋರ್ಲಾಕ ಹತ್ತಿದಾಗ ತಿಳೀತು, ಹದಿನೆಂಟು ಓಟಿನಾಗ ಮೂರನೇ ಅಂತಸ್ತಿನೋರದು ಆರೇ. ಮಾಳಗಿ ಎಲ್ಲಾರದು, ಸೋರೋದು ಮಾತ್ರ ನಮ್ಮ ಆರು ಮನಿ! 2018ರ ಸೆಪ್ಟೆಂಬರ್ ಸರ್ವಸದಸ್ಯರ ಸಭಿಯಾಗ ಎದ್ದು ಹೇಳಿದೆ, ಮುಂದಿನ ವರ್ಷ ನೋಡಮು ಅಂದ್ರು, 2019ರಾಗೂ ಅದೇ ಮಾತು, ಮಳಿನೇ ಸರಿ ಆಗಲ್ಲ ಅಂಬೋ ಊರಾಗ ಸೋರೋದಕ್ಕ ಯಾರು ತಲಿ ಕೆಡಿಸ್ಕೊಳ್ತಾರ ಅಂತ ಒಬ್ರು ನಕ್ಕರೂ ನಕ್ಕರು. 2020ರ ಅಕ್ಟೋಬರ್ ನೆನಪದಲ್ಲ, ಭೀಮಾ ಉಕ್ಕಿ ಹಳ್ಳಿಗಳಿಗಿ ನೀರು ಹೊಕ್ಕಿದ್ದು? ಅವತ್ತು ರಾತ್ರಿ ಸೊಸೈಟಿ ಸೆಕ್ರೆಟರಿ ಕಾಕಾಗ ಫೋನ್ ಮಾಡಿ, ಕಾಕಾ ಛತ್ರಿ ತಗೊಂಡು ಮ್ಯಾಲ ಬರ್ರಿ ಅಂದೆ. ಮನಿ ಒಳಗ ಯಾಕಪ್ಪಾ ಛತ್ರಿ ಅಂತ ಕೇಳ್ಕೋತ ಬಂದ್ರು, ಬಂದು ಕಾಟಿನ ಮ್ಯಾಲ ಇಟ್ಟ ಮೂರು ಬುಟ್ಟಿ ನೋಡಿ ಸುಮ್ಮನ ನಿಂತ್ರು. ಮುಂದಿನ ಬ್ಯಾಸಗಿ ಒಳಗ ಮಾಳಗಿ ಪೂರಾ ವಾಟರ್‌ಪ್ರೂಫ್ ಆಯ್ತು, ಖರ್ಚು ಎಲ್ಲಾರ ಮ್ಯಾಲ ಹಂಚಿದ್ರು, ಶೇಟ್ ಎರಡು ತಿಂಗಳು ನನಗ ಮಾತಾಡ್ಸಿಲ್ಲ. ಅದರ ಮ್ಯಾಲ ವರ್ಷಕ್ಕೊಮ್ಮಿ ಬಿಳಿ ಸುಣ್ಣ ನಾನೇ ಹೊಡಸ್ತೀನಿ, ಖೋಲಿ ಸ್ವಲ್ಪ ತಂಪಿರ್ತದ.

ಸೆಕೆ ಬಗ್ಗಿ ಸುಳ್ಳು ಹೇಳಲ್ರಿ. ಮೇದಾಗ 43-44 ಡಿಗ್ರಿ, ಪಡುವಣ ಗೋಡಿ ರಾತ್ರಿ ಹತ್ತರ ತನಕ ಹಂಚಿನಂಗ ಬಿಸಿ. ಕೂಲರ್ ಒಣ ಹವಾಕ್ಕ ಭಾಳ ಛಲೋ ಕೆಲಸ ಮಾಡ್ತದ, ಆದ್ರ ಅದು ದಿನಕ್ಕ ನಾಕು ಬಿಂದಿಗಿ ನೀರು ಕುಡೀತದ, ನಳ ಬರೋದು ಮೂರ್ನಾಲ್ಕು ದಿನಕ್ಕೊಮ್ಮಿ, ಬ್ಯಾಸಗ್ಯಾಗ ಬೋರಿಂಗೂ ಸಣ್ಣಗ ಆಗ್ತದ. ಹಂಗಾಗಿ ಏಪ್ರಿಲ್ ಬಂತಂದ್ರ ಯಾರ ಮನಿ ಕೂಲರ್ ಎಷ್ಟು ಹೊತ್ತು ನಡೀತದ ಅಂತ ಇಡೀ ಬಿಲ್ಡಿಂಗ್ ಕಿವಿಗೊಟ್ಟು ಕೇಳ್ತದ. ಜೂನ್‌ನಾಗ ಮೋಡ ಕಟ್ಟಿದ ಮ್ಯಾಲ ಕೂಲರ್ ಉಪಯೋಗಿಲ್ಲ, ಮೈ ಅಂಟಂಟು ಆಗ್ತದ ಅಷ್ಟೇ.

ಓಣಿ ಬಗ್ಗಿ ಹೇಳ್ಬೇಕಂದ್ರ ಅದಕ್ಕೇ ನಾ ಇಲ್ಲಿ ಏಳು ವರ್ಷ ಇದ್ದಿದ್ದು. ಕೆಳಗ ಇಳಿದ್ರ ಕಾಯಿಪಲ್ಯ, ಕಿರಾಣಿ, ಟೇಲರ್, ಔಷಧ ಅಂಗಡಿ, ಸಂಜಿಗಿ ಮಿರ್ಚಿ ಭಜಿ-ಸುಸಲಾ, ರಮ್ಜಾನ್‌ನಾಗ ರಾತ್ರಿ ಮಾಲ್ಪುರಿ. ಜಗತ್ ಸರ್ಕಲ್ ನಡಕೊಂಡೇ ಹೋಗ್ತೀನಿ, ಸ್ಟೇಷನ್ನಿಗಿ ಆಟೋ. ಗದ್ದಲ ಹತ್ತೂವರಿ ತನಕ ಇರ್ತದ, ಗಾಡಿ ಹಚ್ಲಾಕ ಜಾಗಾ ಇಲ್ಲ, ಬೈಕ್ ಇದ್ರ ನಡೀತದ, ಕಾರ್ ಇದ್ದೋರು ಈ ಮನಿ ಮರೀರಿ. ಹೋಳಿ ಹುಣ್ಣಿಮಿ ಆದ ಮ್ಯಾಲ ಶರಣಬಸವೇಶ್ವರ ಜಾತ್ರಿ ಬರ್ತದಲ್ಲ, ಆಗ ಊರಿಂದ ಬಂದ ಎಂಟು ಮಂದಿ ಈ ಒಂದೇ ಖೋಲ್ಯಾಗ ಬುತ್ತಿ ಬಿಚ್ಚಿ ಉಂಡು, ಮಾಳಗಿ ಮ್ಯಾಲ ಮಲಗಿ ಹೋಗ್ಯಾರ.

ದೇಶದಾಗ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗ್ಯಾಗೇ, 2020ರ ಮಾರ್ಚ್‌ನಾಗ. ಊರು ಬಂದ್ ಆದಾಗ ಒಂಟಿ ಮನಶ್ಯಾ ಒಂದು ಖೋಲ್ಯಾಗ ಹುಚ್ಚ ಆಗ್ತಿದ್ದ ಖರೆ, ಆದ್ರ ಎದುರು ಮನಿ ವೈನಿ ದಿನಾ ಬಾಗಿಲಾಗ ಎರಡು ರೊಟ್ಟಿ, ಪುಂಡಿಪಲ್ಯ ಇಟ್ಟು ಹೋಗ್ತಿದ್ರು. ಮೇಂಟೆನೆನ್ಸ್ ಆಗ 600 ಇತ್ತು, ಈಗ 1,100, ಅದಕ್ಕ ನನ್ನ ತಕರಾರಿಲ್ಲ.

ತಗೋಳೋರು ಒಂದು ನೆನಪಿಡ್ರಿ, ನಾನು ಹೂಂ ಅಂದ್ರ ಕೆಲಸ ಆಗಲ್ಲ, ಸೊಸೈಟಿ ಕಮಿಟಿ ಹೂಂ ಅನಬೇಕು. ನನ್ನ ಬಾಕಿ ಇಲ್ಲ ಅನ್ನೋ ಪತ್ರ, ನಿಮ್ಮ ಸದಸ್ಯತ್ವದ ಅರ್ಜಿ, ಕಮಿಟಿ ಠರಾವು, ಆಮ್ಯಾಲೇ ಶೇರ್ ನಿಮ್ಮ ಹೆಸರಿಗಿ ವರ್ಗ. ನನಗ ಆಗ ಮೂರು ತಿಂಗಳು ಹಿಡಿದಿತ್ತು. ಸೊಸೈಟಿ ಆಡಿಟ್ ರಿಪೋರ್ಟ್, ಜಾಗದ ಕಾಗದ, ಟ್ಯಾಕ್ಸ್ ಪಾವತಿ ಕೇಳಿ ನೋಡ್ರಿ, ಕಾಕಾ ತೋರಸ್ತಾರ, ಸ್ವಲ್ಪ ಗೊಣಗ್ತಾರ. ಬಾಡಿಗಿ ಕೊಡ್ಲಾಕ ತಗೊಳ್ಳೋರು ಬರಬ್ಯಾಡ್ರಿ, ಅದಕ್ಕೂ ಕಮಿಟಿ ಒಪ್ಪಿಗಿ ಬೇಕು, ಒಪ್ಪಲ್ಲ.

ನಾ ಯಾಕ ಬಿಡ್ಲತ್ತೀನಿ ಅಂದ್ರ ಅವ್ವ ಊರಿಂದ ಬಂದಾಳ, ಮಣಕಾಲು ನೋವು, ಮೂರು ಅಂತಸ್ತು ಹತ್ಲಾಕ ಆಗಲ್ಲ. ಕೂಲರ್ ಬಿಟ್ಟೇ ಹೋಗ್ತೀನಿ, ಅದರ ಹುಲ್ಲು ಇದೇ ವರ್ಷ ಹೊಸದು ಹಾಕ್ಸೀನಿ. ನೋಡ್ಲಾಕ ಬರೋರು ಮುಂಜಾನಿ ಬರಬ್ಯಾಡ್ರಿ, ಆಗ ಎಲ್ಲಾ ಮನಿನೂ ಛಲೋನೇ ಕಾಣ್ತದ. ಮಧ್ಯಾಹ್ನ ಮೂರಕ್ಕ ಒಮ್ಮಿ, ರಾತ್ರಿ ಒಂಬತ್ತಕ್ಕ ಒಮ್ಮಿ ಬರ್ರಿ.